ಕೂತು ಕುಡಿಯೋ ಕಾಫಿಗೆ ಸರ್ಟಿಫಿಕೇಟ್ ಬೇಕು

ಕೋವಿಡ್ ಟೈಮಲ್ಲಿ ಯುರೋಪಿನ ಐದು ದೇಶ ಸುತ್ತಿ ಬಂದ್ವಿ, ಗಡಿ ಅಂತ ಒಂದು ಕಡೆ ನಮ್ಮ ವ್ಯಾಕ್ಸಿನ್ ಸರ್ಟಿಫಿಕೇಟ್ ಕೇಳಿ ನೋಡಿದ್ದು ಒಂದೇ ಸಲ, ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ. ಆದ್ರೆ ಕಾಫಿ ಕುಡಿಯೋಕೆ, ಊಟಕ್ಕೆ, ಮ್ಯೂಸಿಯಂಗೆ ಅಂತ ಅದನ್ನ ತೆಗೆದು ತೋರ್ಸಿದ್ದು ದಿನಕ್ಕೆ ಮೂರ್ನಾಲ್ಕು ಸಲ. ಹೋಗೋಕೆ ಮುಂಚೆ ಎರಡು ತಿಂಗಳು ನಾನೂ ನನ್ನ ಹೆಂಡ್ತಿಯೂ ತಲೆ ಕೆಡಿಸ್ಕೊಂಡಿದ್ದು ಪೂರ್ತಿ ಗಡಿ ಬಗ್ಗೆನೇ, ಒಳಗೆ ಬಿಡ್ತಾರೋ ಇಲ್ವೋ ಅಂತ. ಬಿಟ್ಟ ಮೇಲೆ ಏನು ಅಂತ ಯೋಚ್ನೆ ಮಾಡಿರ್ಲೇ ಇಲ್ಲ ನೋಡಿ.

ಇದು 2021ರ ಅಕ್ಟೋಬರ್-ನವೆಂಬರ್ ಕಥೆ. ಮ್ಯೂನಿಕ್‌ನಲ್ಲಿ ನಂಗೆ ಎರಡು ವಾರ ಆಫೀಸ್ ಕೆಲ್ಸ ಇತ್ತು, ಅದು ಮುಗಿದ ಮೇಲೆ ಇನ್ನೆರಡು ವಾರ ರಜೆ ಹಾಕಿ ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್ ಎಲ್ಲಾ ರೈಲಲ್ಲೇ ಸುತ್ತೋಣ ಅಂತ ಪ್ಲಾನು. ಆ ಟೈಮಲ್ಲಿ ಇಂಡಿಯಾದಿಂದ ಮಾಮೂಲಿ ಇಂಟರ್‌ನ್ಯಾಷನಲ್ ಫ್ಲೈಟೇ ಇರ್ಲಿಲ್ಲ, ಏರ್ ಬಬಲ್ ಅಂತ ಎರಡೆರಡು ದೇಶಗಳ ಮಧ್ಯೆ ಒಪ್ಪಂದ ಮಾಡ್ಕೊಂಡು ಹಾರಿಸ್ತಿದ್ರಲ್ಲ, ಅದ್ರಲ್ಲೇ ಹೋಗಿದ್ದು.

ಮೊದಲ್ನೇ ತಲೆನೋವು ಕೋವಿಶೀಲ್ಡು. ನಾವಿಬ್ರೂ ಹಾಕ್ಸ್ಕೊಂಡಿದ್ದು ಅದೇ, ಪ್ರೈವೇಟ್ ಆಸ್ಪತ್ರೇಲಿ 780 ರೂಪಾಯಿ ಕೊಟ್ಟು ಜೂನಲ್ಲಿ ಮೊದಲ್ನೇ ಡೋಸ್, ಆಮೇಲೆ 84 ದಿನ ಕಾದು ಸೆಪ್ಟೆಂಬರಲ್ಲಿ ಎರಡನೇದು. ಯುರೋಪಿಯನ್ ಯೂನಿಯನ್ನೋರು 2021ರ ಜುಲೈ 1ಕ್ಕೆ ಡಿಜಿಟಲ್ ಕೋವಿಡ್ ಸರ್ಟಿಫಿಕೇಟ್ ಅಂತ ಶುರು ಮಾಡಿದ್ರು, ಅದ್ರಲ್ಲಿ ಎಲ್ಲಾ ದೇಶವೂ ಒಪ್ಲೇಬೇಕಾದ ಲಸಿಕೆ ಅಂದ್ರೆ ಆಗ ನಾಲ್ಕೇ: ಫೈಜರ್, ಮಾಡರ್ನಾ, ಜಾನ್ಸನ್, ಮತ್ತೆ ಆಸ್ಟ್ರಾಜೆನೆಕಾದ ವ್ಯಾಕ್ಸ್‌ಜೆವ್ರಿಯಾ. ಕೋವಿಶೀಲ್ಡೂ ಅದೇ ಆಸ್ಟ್ರಾಜೆನೆಕಾದ್ದೇ, ಆದ್ರೆ ಪುಣೆಯಲ್ಲಿ ತಯಾರಾಗೋದು, ಯುರೋಪಿನ ಔಷಧ ಏಜೆನ್ಸಿ ಅದಕ್ಕೆ ಬೇರೆಯಾಗಿ ಒಪ್ಪಿಗೆ ಕೊಟ್ಟಿರ್ಲಿಲ್ಲ. ಒಂದೇ ಹಿಟ್ಟು, ಹೆಂಚು ಬೇರೆ, ಅದಕ್ಕೆ ಇದು ದೋಸೆ ಅಲ್ಲ ಅಂದಂಗೆ. ಹಂಗಾಗಿ ತೀರ್ಮಾನ ಆಯಾ ದೇಶಕ್ಕೆ ಬಿಟ್ಟಿದ್ದು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಜುಲೈ ಶುರುವಲ್ಲೇ ಸರಿ ಅಂದ್ರು, ಫ್ರಾನ್ಸ್ ಅದೇ ತಿಂಗ್ಳ ಮಧ್ಯದಲ್ಲಿ ಒಪ್ಕೊಳ್ತು, ಇಟಲಿ ಮಾತ್ರ ಸೆಪ್ಟೆಂಬರ್ ಕೊನೆ ತನಕ ಎಳೀತು. ಹೆಂಡ್ತಿ ಒಂದು ಎಕ್ಸೆಲ್ ಶೀಟ್ ಮಾಡಿ ಗೋಡೆ ಕ್ಯಾಲೆಂಡರ್ ಥರ ದಿನಾ ನೋಡೋಳು, ಯಾವ ದೇಶ ಹಸಿರು ಯಾವ ದೇಶ ಕೆಂಪು ಅಂತ.

ನಮ್ಮ ಜೊತೆ ಅಕ್ಕನೂ ಬರ್ಬೇಕಿತ್ತು. ಅವಳು ಹಾಸನದ ಕಡೆ ಇರೋದು, 45 ದಾಟಿದೋರಿಗೆ ಏಪ್ರಿಲಲ್ಲಿ ಶುರುವಾದಾಗ ತಾಲ್ಲೂಕು ಆಸ್ಪತ್ರೆಗೆ ಹೋಗಿದಾಳೆ, ಆವತ್ತು ಅಲ್ಲಿ ಬಂದಿದ್ದು ಕೋವ್ಯಾಕ್ಸಿನ್, ಹಾಕ್ಸ್ಕೊಂಡು ಬಂದಿದಾಳೆ. ಯಾರಾದ್ರೂ ಆಗ ಯಾವ ಕಂಪನಿದು ಅಂತ ಕೇಳ್ತಿದ್ರಾ, ಸಿಕ್ಕಿದ್ದೇ ಪುಣ್ಯ ಅನ್ನೋ ಕಾಲ. ಆರು ತಿಂಗ್ಳಾದ ಮೇಲೆ ನೋಡಿದ್ರೆ ನಾವು ಹೋಗೋ ಐದರಲ್ಲಿ ಒಂದು ದೇಶನೂ ಅದನ್ನ ಲೆಕ್ಕಕ್ಕೆ ಇಟ್ಕೊಂಡಿಲ್ಲ, ವಿಶ್ವ ಆರೋಗ್ಯ ಸಂಸ್ಥೆ ಪಟ್ಟೀಲೂ ಇಲ್ಲ. ಆವತ್ತು ಬುಧವಾರದ ಬದ್ಲು ಗುರುವಾರ ಹೋಗಿದ್ರೆ ನಾನೂ ಬರ್ತಿದ್ನೇನೋ ಅಂತ ಅಕ್ಕ ನಗ್ತಾನೇ ಹೇಳಿದ್ಲು, ಆದ್ರೆ ಆ ನಗು ನಂಗೆ ಅಷ್ಟು ಸರಿ ಹೋಗ್ಲಿಲ್ಲ.

ಎರಡನೇ ತಲೆನೋವು ನಮ್ಮ ಇನಿಷಿಯಲ್ಲು. ಇದು ನಮ್ಮ ಕಡೆಯೋರಿಗೆ ಮಾತ್ರ ಅರ್ಥ ಆಗೋ ಸಂಕಟ. ಆಧಾರಲ್ಲಿ ಹೆಸರಿನ ಹಿಂದೆ ಎರಡಕ್ಷರ, ಪಾಸ್‌ಪೋರ್ಟಲ್ಲಿ ಆ ಎರಡಕ್ಷರ ಬಿಡಿಸಿ ಊರ ಹೆಸ್ರು, ಅಪ್ಪನ ಹೆಸ್ರು ಎಲ್ಲಾ ಸೇರಿ ರೈಲಿನಷ್ಟು ಉದ್ದ. ಕೋವಿನ್‌ನಲ್ಲಿ ನಾನು ಆಧಾರ್ ಕೊಟ್ಟು ರಿಜಿಸ್ಟರ್ ಆಗಿದ್ದೆ, ತಪ್ಪು ನಂದೇ. ಕೋವಿನ್‌ನಲ್ಲಿ ಹೆಸರು ತಿದ್ದೋಕೆ ಒಂದೇ ಒಂದು ಚಾನ್ಸ್ ಇತ್ತು, ಪಾಸ್‌ಪೋರ್ಟ್ ನಂಬರ್ ಸೇರ್ಸೋಕೂ ಅಲ್ಲೇ. ಪಾಸ್‌ಪೋರ್ಟ್ ಪಕ್ಕದಲ್ಲಿ ಇಟ್ಕೊಂಡು ಒಂದೊಂದಕ್ಷರ ಓದಿ ಟೈಪ್ ಮಾಡಿದೀನಿ, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೂ ಅಷ್ಟು ಹುಷಾರಾಗಿರ್ಲಿಲ್ಲ. ಇನ್ನೊಂದು, ಆಗಿನ ಸರ್ಟಿಫಿಕೇಟಲ್ಲಿ ಹುಟ್ಟಿದ ತಾರೀಖೇ ಇರ್ತಿರ್ಲಿಲ್ಲ, ವಯಸ್ಸು ಅಷ್ಟೇ. ಬ್ರಿಟನ್ ಜೊತೆ ಅದೇ ಜಗಳ ಆಗಿದ್ದು ನೆನಪಿರ್ಬಹುದು, ವ್ಯಾಕ್ಸಿನ್ ಸರಿ, ಸರ್ಟಿಫಿಕೇಟ್ ಸರಿ ಇಲ್ಲ ಅಂತ. ಸೆಪ್ಟೆಂಬರ್ ಕೊನೇಲಿ ವಿದೇಶಕ್ಕೆ ಹೋಗೋರಿಗೆ ಅಂತ ಪೂರ್ತಿ ಜನ್ಮ ದಿನಾಂಕ ಇರೋ ಸರ್ಟಿಫಿಕೇಟ್ ಬಂತು. ಅದನ್ನ ಆರು ಕಾಪಿ ಕಲರ್ ಪ್ರಿಂಟ್ ತೆಗೆದು ನೀಲಿ ಪ್ಲಾಸ್ಟಿಕ್ ಫೈಲಲ್ಲಿ ಇಟ್ಕೊಂಡು ಅಕ್ಟೋಬರ್ 20ಕ್ಕೆ ವಿಮಾನ ಹತ್ತಿದ್ವಿ.

ಮ್ಯೂನಿಕ್‌ನಲ್ಲಿ ಮೊದಲ್ನೇ ಸಂಜೆ ಊಟಕ್ಕೆ ಹೋದ್ರೆ ಬಾಗಿಲಲ್ಲಿ ಹುಡುಗಿ ಫೋನ್ ಹಿಡ್ಕೊಂಡು ನಿಂತಿದಾಳೆ, ನಮ್ಮ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ಲು, ಕೆಂಪು. ಇನ್ನೊಂದ್ಸಲ ಮಾಡಿದ್ಲು, ಕೆಂಪು. ಹೆಂಡ್ತಿದು ಮಾಡಿದ್ಲು, ಅದೂ ಕೆಂಪು. ಸಾಫ್ಟ್‌ವೇರ್ ಕೆಲ್ಸ ಮಾಡೋ ನಂಗೆ ಆಗ್ಲೇ ಟ್ಯೂಬ್‌ಲೈಟ್ ಹತ್ತಿದ್ದು. ಯುರೋಪಿನ ಕೋಡ್ ಓದಿದ್ರೆ ಎಚ್‌ಸಿ1 ಅಂತ ಶುರುವಾಗ್ತಿತ್ತು, ಒಳಗಿರೋ ಮಾಹಿತಿಗೆ ಆಯಾ ದೇಶ ಡಿಜಿಟಲ್ ಸಹಿ ಹಾಕಿರ್ತಿತ್ತು, ಆ ಸಹಿ ಅಸಲಿನಾ ಅಂತ ನೋಡೋ ಕೀಲಿಗಳನ್ನ ಎಲ್ಲಾ ದೇಶಗಳೂ ಒಂದೇ ಕಡೆ ಹಂಚ್ಕೊಂಡಿದ್ವು. ನಮ್ಮ ಕೋವಿನ್ ಕೋಡಲ್ಲೂ ಸಹಿ ಇದೆ, ಸುಳ್ಳು ಮಾಡೋಕಾಗಲ್ಲ, ಆದ್ರೆ ಅದರ ಫಾರ್ಮ್ಯಾಟೇ ಬೇರೆ, ಇಂಡಿಯಾ ಆ ಹಂಚಿಕೆ ಕೂಟಕ್ಕೆ ಸೇರಿರ್ಲಿಲ್ಲ. ತಮಾಷೆ ಅಂದ್ರೆ ಈ ನಮ್ಮ ಸರ್ಟಿಫಿಕೇಟ್ ತಯಾರು ಮಾಡೋ ಡೈವಾಕ್ ಅನ್ನೋ ಸಾಫ್ಟ್‌ವೇರ್ ಶುರುವಾಗಿದ್ದು ನಮ್ಮ ಬೆಂಗಳೂರಿನ ಇ-ಗವ್ ಫೌಂಡೇಶನ್ನಲ್ಲೇ. ಮನೇಲಿ ಅಚ್ಚುಕಟ್ಟಾಗಿ ಕನ್ನಡ ಮಾತಾಡೋ ಹುಡುಗನ್ನ ತಂದು ಜರ್ಮನ್ ವೈವಾಗೆ ಕೂರ್ಸಿದಂಗೆ ಆಯ್ತು ಆ ಕೋಡಿನ ಕಥೆ.

ದೇಶದೊಳಗೆ ಬಿಡೋ ರೂಲು ಬೇರೆ, ಹೋಟ್ಲೊಳಗೆ ಬಿಡೋ ರೂಲು ಬೇರೆ ಅಂತ ಆವತ್ತು ಬಾಗಿಲಲ್ಲಿ ನಿಂತು ಅರ್ಥ ಮಾಡ್ಕೊಂಡೆ. ಕಾಗದದ ಮೇಲೆ ಎರಡೂ ಒಂದೇ, ನಮ್ಮ ಲಸಿಕೆ ಎರಡಕ್ಕೂ ಆಗತ್ತೆ. ಆದ್ರೆ ವಿಮಾನ ನಿಲ್ದಾಣದಲ್ಲಿ ಇರೋನು ಪಟ್ಟಿ ಓದಿರೋ ಪೊಲೀಸು, ಇಲ್ಲಿ ಇರೋದು ಹಸಿರು ಬಂದ್ರೆ ಬಿಡು ಕೆಂಪು ಬಂದ್ರೆ ಬೇಡ ಅಂತ ಹೇಳಿಸ್ಕೊಂಡಿರೋ ಕಾಲೇಜ್ ಹುಡುಗಿ. ಅವಳ್ದೇನು ತಪ್ಪು. ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಕೊಟ್ವಿ, ಮ್ಯಾನೇಜರ್ ಬಂದ, ಕನ್ನಡಕ ಹಾಕ್ಕೊಂಡು ಓದಿದ. ಪ್ರಧಾನಿ ಫೋಟೋ ನೋಡಿ ಇದು ಯಾರು ಅಂದ, ಹೇಳಿದೆ, ಸರಿ ಅಂತ ಒಳಗೆ ಬಿಟ್ಟ.

ದೀಪಾವಳಿ ಹೊತ್ತಿಗೆ, ನವೆಂಬರ್ 3ಕ್ಕೆ, ಕೋವ್ಯಾಕ್ಸಿನ್ನಿಗೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಸಿಕ್ತು. ನನ್ನ ಸೂಜಿ ಪಾಸಾಯ್ತು ಕಣೋ ಅಂತ ಅಕ್ಕ ವಾಟ್ಸಾಪಲ್ಲಿ ವಾಯ್ಸ್ ಮೆಸೇಜು, ಹಿಂದೆ ಪಟಾಕಿ ಸದ್ದು. ನಾವು ಆಗ ವಿಯೆನ್ನಾಗೆ ಬ್ಯಾಗ್ ಪ್ಯಾಕ್ ಮಾಡ್ತಿದ್ವಿ.

ವಿಯೆನ್ನಾದಲ್ಲಿ ಮೊದಲು ಸೋತಿದ್ದು ಮಾಸ್ಕು. ಹೆಂಡ್ತಿ ಇಳಕಲ್ ಸೀರೆ ತುಂಡಲ್ಲಿ ಚೆಂದದ ಮಾಸ್ಕ್ ಹೊಲಿಸಿ ತಂದಿದ್ಲು, ಅಲ್ಲಿ ಟ್ರೈನು ಟ್ರಾಮು ಸೂಪರ್ ಮಾರ್ಕೆಟ್ಟಲ್ಲಿ ಎಫ್‌ಎಫ್‌ಪಿ2 ಅನ್ನೋ ಎನ್95 ಥರದ ಮಾಸ್ಕ್ ಬಿಟ್ಟು ಬೇರೇದು ನಡೀತಿರ್ಲಿಲ್ಲ. ಆಮೇಲೆ ಈ ಜಿಗಳು. ಹೋಟ್ಲು ಬಾಗಿಲಿಗೆಲ್ಲಾ 3ಜಿ ಅಂತ ಬೋರ್ಡು, ನಾನು ನೆಟ್‌ವರ್ಕ್ ಅನ್ಕೊಂಡೆ, ನಿಜ್ವಾಗ್ಲೂ. ಅದು ಗೆಇಂಪ್ಫ್ಟ್, ಗೆನೇಸನ್, ಗೆಟೆಸ್ಟೆಟ್, ಅಂದ್ರೆ ಲಸಿಕೆ ಹಾಕ್ಸ್ಕೊಂಡೋರು, ಕೋವಿಡ್ ಬಂದು ಹುಷಾರಾದೋರು, ಟೆಸ್ಟ್ ಮಾಡ್ಸಿದೋರು, ಮೂರರಲ್ಲಿ ಒಂದಾದ್ರೂ ಆಗಿರ್ಬೇಕು. ಕೇಸು ಏರ್ತಿತ್ತು, ನಾವು ಇರೋವಾಗ್ಲೇ ನವೆಂಬರ್ 8ಕ್ಕೆ ಆಸ್ಟ್ರಿಯಾ ಪೂರ್ತಿ 2ಜಿ ಆಯ್ತು, ಟೆಸ್ಟ್ ಮಾಡ್ಸಿದೋರಿಗೆ ಇನ್ನು ಜಾಗ ಇಲ್ಲ. ನಮ್ಮೂರಲ್ಲಿ 5ಜಿ ಯಾವಾಗ ಬರತ್ತೆ ಅಂತ ಜನ ಕಾಯ್ತಿದ್ರೆ ಇಲ್ಲಿ ಹಿಂದಕ್ಕೆ ಹೋಗ್ತಿದಾರಲ್ಲ ಅಂತ ಹೆಂಡ್ತಿ. ಹಿಂದಿನ ರಾತ್ರಿ 3ಜಿ ಬೋರ್ಡ್ ಇದ್ದ ಅದೇ ಕಾಫಿ ಹೌಸಲ್ಲಿ ಬೆಳಿಗ್ಗೆ 3ರ ಮೇಲೆ ಟೇಪ್ ಹಚ್ಚಿ ಪೆನ್ನಲ್ಲಿ 2 ಬರೆದಿದ್ರು. ಲಸಿಕೆ ಕೇಂದ್ರದ ಮುಂದೆ ಸಾಲು ಬೇರೆ, ಹಾಕ್ಸ್ಕೊಳ್ದೆ ಕೂತಿದ್ದೋರೆಲ್ಲಾ ಓಡಿ ಬಂದಿದ್ರು. ನಾವು ಹೊರಟು ಎರಡು ವಾರದಲ್ಲಿ, 22ಕ್ಕೆ, ಇಡೀ ದೇಶನೇ ಲಾಕ್‌ಡೌನ್ ಆಯ್ತು. ಸ್ವಲ್ಪದರಲ್ಲಿ ತಪ್ಪಿಸ್ಕೊಂಡ್ವಿ.

ಇಟಲಿಗೆ ಹೋಗೋವಾಗ ಭಯ ಇದ್ದಿದ್ದು 14 ದಿನದ ಲೆಕ್ಕ. ಅವ್ರು ನಿನ್ನ ಪಾಸ್‌ಪೋರ್ಟ್ ಯಾವ್ದು ಅನ್ನೋದಕ್ಕಿಂತ ಹಿಂದಿನ 14 ದಿನ ಎಲ್ಲಿದ್ದೆ ಅನ್ನೋದ್ನ ನೋಡ್ತಿದ್ರು, ಇಂಡಿಯಾದಿಂದ ನೇರ ಬಂದೋರಿಗೆ ಬೇರೆ ರೂಲು, ಆಸ್ಟ್ರಿಯಾದಿಂದ ಬಂದೋರಿಗೆ ಬೇರೆ. ನಮಗೆ 20 ದಿನ ಆಗಿತ್ತು. ಅದಕ್ಕೇ ಪ್ಲಾನಲ್ಲಿ ಇಟಲೀನ ಹಿಂದಕ್ಕೆ ಹಾಕಿದ್ದು. ಪ್ಯಾಸೆಂಜರ್ ಲೊಕೇಟರ್ ಫಾರ್ಮ್ ಅಂತ ಆನ್‌ಲೈನಲ್ಲಿ ತುಂಬಿ ಪ್ರಿಂಟ್ ಇಟ್ಕೊಂಡಿದ್ವಿ, ರೈಲು ಗಡಿ ದಾಟ್ತು, ಪೊಲೀಸರು ಹತ್ತಿದ್ರು, ಪಾಸ್‌ಪೋರ್ಟ್ ನೋಡಿದ್ರು, ಇಳಿದು ಹೋದ್ರು. ಅಷ್ಟು ಕಷ್ಟಪಟ್ಟು ತುಂಬಿದ್ದು ದಂಡ ಅಂತ ಬೇಜಾರೇ ಆಯ್ತು.

ವೆನಿಸಲ್ಲಿ ಗ್ರೀನ್ ಪಾಸ್, ಅಂದ್ರೆ ಇಟಲಿಯೋರ ಕೋವಿಡ್ ಸರ್ಟಿಫಿಕೇಟು. ನಮ್ಮ ಕೋಡು ಮಾಮೂಲಿ ಕೆಂಪು, ಪ್ರಿಂಟ್ ತೋರ್ಸಿದ್ರೆ ಒಬ್ಬ ಬಿಟ್ಟ, ಮೂರು ಜನ ಬಿಡ್ಲಿಲ್ಲ, ಅವರ ಸರ್ಕಾರನೇ ಕೋವಿಶೀಲ್ಡ್ ಒಪ್ಪಿದೆ ಅಂತ ಫೋನಲ್ಲಿ ಸುತ್ತೋಲೆ ತೋರ್ಸಿದ್ರೂ ಇಲ್ಲ, ಆ್ಯಪ್ ಏನು ಹೇಳತ್ತೋ ಅದೇ. ಹಸಿವಾಗಿ ಕೋಪ ಬಂದು ನಿಂತಿರೋವಾಗ ಒಂದು ಗೊತ್ತಾಯ್ತು, ಆಗಿನ ರೂಲ್ ಪ್ರಕಾರ ಪಾಸ್ ಬೇಕಿದ್ದು ಒಳಗೆ ಟೇಬಲ್ ಹಾಕ್ಕೊಂಡು ಕೂರೋದಕ್ಕೆ, ಕೌಂಟರ್ ಹತ್ರ ನಿಂತ್ಕೊಂಡು ಕುಡಿಯೋದಕ್ಕೆ ಏನೂ ಬೇಡ! ದರ್ಶಿನೀಲಿ ನಿಂತು ನಿಂತು ಬೆಳೆದೋರು ನಾವು, ಇದಕ್ಕಿಂತ ಇನ್ನೇನು ಬೇಕು. ಎರಡು ದಿನ ಬೆಳಗಿನ ಕಾಫಿ, ಬನ್ನು, ಮಧ್ಯಾಹ್ನದ ಸ್ಯಾಂಡ್‌ವಿಚ್ಚು ಎಲ್ಲಾ ನಿಂತೇ. ಮೋಟು ಲೋಟದಲ್ಲಿ ಕೊಡೋ ಅವ್ರ ಕಾಫೀನೂ ನಮ್ಮ ಬೈ ಟೂ ಅಳತೆನೇ, ಕಹಿ ಜಾಸ್ತಿ ಅಷ್ಟೇ.

ಆದ್ರೆ ಮ್ಯೂಸಿಯಂಗೂ ಮಿಲಾನಿಗೆ ಹೋಗೋ ದೊಡ್ಡ ರೈಲಿಗೂ ಪಾಸ್ ಬೇಕೇ ಬೇಕಿತ್ತು. ಹೋಟೆಲ್ ರಿಸೆಪ್ಶನ್ನಲ್ಲಿದ್ದ ಅಜ್ಜಿ ಹೇಳಿದ್ರು, ಹಸಿರು ಶಿಲುಬೆ ಗುರುತಿನ ಮೆಡಿಕಲ್ ಸ್ಟೋರಿಗೆ ಹೋಗು, ತಂಪೋನೆ ಅಂತ ಕೇಳು. ಹೋದ್ವಿ, 15 ಯುರೋ ತಗೊಂಡು ಮೂಗಿಗೆ ಕಡ್ಡಿ ಹಾಕಿ ರ‍್ಯಾಪಿಡ್ ಟೆಸ್ಟ್ ಮಾಡಿದ್ರು, ನೆಗೆಟಿವ್, ಕಾಲು ಗಂಟೇಲಿ ಒಂದು ಕೋಡ್ ಬಂತು, ಅದ್ರಿಂದ 48 ಗಂಟೆ ಗ್ರೀನ್ ಪಾಸ್. ಸ್ಕ್ಯಾನ್ ಮಾಡಿದ್ರೆ ಹಸಿರು! ಎರಡು ಡೋಸ್, ಮೂರು ತಿಂಗ್ಳು ಕಾದಿದ್ದು, ಜ್ವರ, ತೋಳು ನೋವು ಯಾವ್ದೂ ಮಾಡ್ದೇ ಇದ್ದಿದ್ದನ್ನ ಸಾವಿರದ ಮುನ್ನೂರು ರೂಪಾಯಿ ಕಡ್ಡಿ ಮಾಡ್ತು. ಹೆಂಡ್ತಿ ಸಿಟ್ಟಿಗೆ ಆವತ್ತು ಕಾಲು ನೋಯದಿದ್ರೂ ಹೋಗಿ ಕೂತ್ಕೊಂಡೇ ಕಾಫಿ ಕುಡಿದ್ಲು, ಕೂತಿದ್ದಕ್ಕೆ ಡಬಲ್ ಬಿಲ್ಲು.

ಸ್ವಿಟ್ಜರ್ಲೆಂಡ್ ವಿಷ್ಯದಲ್ಲಿ ಮಾತ್ರ ನಾವು ಮೊದಲೇ ಒಂದು ಜಾಣತನ ಮಾಡಿದ್ವಿ. ಹೊರಗಡೆ ಲಸಿಕೆ ಹಾಕ್ಸ್ಕೊಂಡು ಬರೋ ಪ್ರವಾಸಿಗಳು ಆನ್‌ಲೈನಲ್ಲಿ ಅರ್ಜಿ ಹಾಕಿದ್ರೆ ಸ್ವಿಸ್ ಸರ್ಟಿಫಿಕೇಟ್ ಕೊಡ್ತಿದ್ರು, 30 ಫ್ರಾಂಕ್ ಫೀಸು. ಪಾಸ್‌ಪೋರ್ಟು, ಕೋವಿನ್ ಸರ್ಟಿಫಿಕೇಟು, ರೈಲು ಟಿಕೆಟ್ಟು ಎಲ್ಲಾ ವಿಯೆನ್ನಾದಲ್ಲಿ ಕೂತು ಅಪ್‌ಲೋಡ್ ಮಾಡಿದ್ದೆ. ಮಿಲಾನ್ ಬಿಟ್ಟು ಗುಡ್ಡದ ಸುರಂಗ ದಾಟಿ ಫೋನಿಗೆ ಸಿಗ್ನಲ್ ಬಂದಾಗ ಇಮೇಲ್ ಬಂದಿತ್ತು, ಇಬ್ರದ್ದೂ. ಸ್ವಿಸ್ ಕೋಡಿಗೂ ಯುರೋಪಿಯನ್ ಯೂನಿಯನ್ ಕೋಡಿಗೂ ಪರಸ್ಪರ ಮಾನ್ಯತೆ ಇತ್ತು, ಹಂಗಾಗಿ ಅದು ಎಚ್‌ಸಿ1 ಅಂತಾನೇ ಶುರು. ಜೂರಿಕ್‌ನಲ್ಲಿ ಹಸಿರು, ಲೂಜರ್ನ್‌ನಲ್ಲಿ ಹಸಿರು, ಅಲ್ಲಿಂದ ಪ್ಯಾರಿಸ್‌ಗೆ ಹೋದ್ರೆ ಅಲ್ಲೂ ಹಸಿರು. ಅದೇ ತೋಳು, ಅದೇ ಸೂಜಿ, ರಸೀದಿ ಮಾತ್ರ ಬೇರೆ ಭಾಷೇದು. ಇದು ಮೊದಲ್ನೇ ದಿನನೇ ಕೈಲಿದ್ದಿದ್ರೆ ಅಂತ ಅನ್ನಿಸ್ತು, ಆದ್ರೆ ವೆನಿಸಲ್ಲಿ ನಿಂತು ಕುಡಿದ ಕಾಫಿ ತಪ್ಪೋಗ್ತಿತ್ತು.

ಪ್ಯಾರಿಸ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ನಂಗೆ ಕೆಮ್ಮು ಜ್ವರ ಏನೂ ಇಲ್ಲ ಅಂತ ಆಣೆ ಮಾಡಿದಂಗೆ ಒಂದು ಫಾರ್ಮಿಗೆ ಸಹಿ, ಅಷ್ಟೇ. ಐಫೆಲ್ ಟವರ್ ಕೆಳಗೆ ಒಬ್ಬ ಸ್ಕ್ಯಾನ್ ಮಾಡಿ ಮೆರ್ಸಿ ಅಂದ, ಮೂರು ಸೆಕೆಂಡು. ಬರೀ ಇಂಡಿಯಾ ಸರ್ಟಿಫಿಕೇಟ್ ಇಟ್ಕೊಂಡು ಬಂದೋರಿಗೆ ಅಲ್ಲಿ ಮೆಡಿಕಲ್ ಸ್ಟೋರಲ್ಲೇ ದುಡ್ಡು ಕೊಟ್ರೆ ಫ್ರೆಂಚ್ ಪಾಸ್ ಮಾಡ್ಕೊಡ್ತಿದ್ರು. ವಾಪಸ್ ಬರೋಕೆ 72 ಗಂಟೆ ಒಳಗಿನ ಆರ್‌ಟಿಪಿಸಿಆರ್, ಮತ್ತೆ ಮೂಗಿಗೆ ಕಡ್ಡಿ, ಏರ್ ಸುವಿಧಾ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ಅಪ್‌ಲೋಡು, ನವೆಂಬರ್ 17ಕ್ಕೆ ಹೊರಟು ಬಂದ್ವಿ. ಎರಡು ವಾರದಲ್ಲಿ ಓಮಿಕ್ರಾನ್, ದೇಶದ ಮೊದಲ್ನೇ ಕೇಸುಗಳು ನಮ್ಮ ಬೆಂಗಳೂರಲ್ಲೇ ಸಿಕ್ಕಿದ್ದು, ಆಮೇಲೆ ಹೊರಗಿಂದ ಬಂದೋರನ್ನ ಕಂಡ್ರೆ ಅಪಾರ್ಟ್‌ಮೆಂಟಲ್ಲಿ ಲಿಫ್ಟ್‌ನಿಂದ ಇಳಿದು ಹೋಗೋರು.

ಜರ್ಮನಿ ಕೋವ್ಯಾಕ್ಸಿನ್ ಒಪ್ಕೊಂಡಿದ್ದು 2022ರ ಜೂನ್ 1ಕ್ಕೆ. ತಮಾಷೆ ನೋಡಿ, ಬರೋರೆಲ್ಲಾ ಲಸಿಕೆನೋ ಟೆಸ್ಟೋ ತೋರ್ಸ್ಬೇಕು ಅನ್ನೋ ರೂಲನ್ನ ಅವ್ರು ಪಕ್ಕಕ್ಕಿಟ್ಟಿದ್ದೂ ಅದೇ ದಿನ. ಅಕ್ಕ ಆ ವರ್ಷ ಸೆಪ್ಟೆಂಬರಲ್ಲಿ ಹೋದ್ಲು, ನನ್ನ ಅದೇ ನೀಲಿ ಫೈಲ್ ಇಸ್ಕೊಂಡು, ಸರ್ಟಿಫಿಕೇಟ್ ಲ್ಯಾಮಿನೇಟ್ ಬೇರೆ ಮಾಡ್ಸಿ. ಹದಿನೈದು ದಿನ ಆದ್ಮೇಲೆ ಏರ್‌ಪೋರ್ಟಿಗೆ ಕರ್ಕೊಂಡು ಬರೋಕೆ ಹೋದ್ರೆ ಕಾರಲ್ಲಿ ಕೂತು ಮೊದಲು ತೆಗೆದಿದ್ದು ಆ ಫೈಲು. ಚಾಕ್ಲೇಟ್ ಇರ್ಬೇಕು ಅನ್ಕೊಂಡೆ. ಯಾರೂ ಒಂದ್ಸಲನೂ ಕೇಳ್ಲೇ ಇಲ್ವಲ್ಲೋ, ಲ್ಯಾಮಿನೇಶನ್ನಿಗೆ ನಲ್ವತ್ತು ರೂಪಾಯಿ ಕೊಟ್ಟಿದೀನಿ ಅಂತ ದೇವನಹಳ್ಳಿ ದಾಟೋ ತನಕ ಅದೇ ಮಾತು.