ಕೈ ಎತ್ತಿದರೆ ಔಟು. ಹಾಗಾದರೆ ‘ನಿಲ್ಲು’ ಅನ್ನೋದು ಹೇಗೆ?

ಏರ್‌ಸಾಫ್ಟ್ ಅಂದರೆ ಬಿಬಿ ಅನ್ನೋ ಚಿಕ್ಕ ಪ್ಲಾಸ್ಟಿಕ್ ಗುಂಡು ಹಾರಿಸೋ ಗನ್ನು ಹಿಡಿದು ಎರಡು ತಂಡ ಆಡೋ ಯುದ್ಧದಾಟ. ಈ ತಂಡಗಳು ಕೈಸನ್ನೆ ಕಲಿಯೋಕೆ ಹೊರಟಾಗ ಎಡವೋದು ಮೊದಲನೇ ಸನ್ನೆಯಲ್ಲೇ. ಅಮೆರಿಕದ ಸೈನ್ಯದ 2017ರ ಸನ್ನೆ ಕೈಪಿಡಿಯಲ್ಲಿ, ಅಂದರೆ ಟಿಸಿ 3-21.60ರಲ್ಲಿ, ‘ನಿಲ್ಲು’ ಅನ್ನೋಕೆ ಕೈಯನ್ನು ತಲೆಯ ಮೇಲೆ ಪೂರ್ತಿ ಚಾಚಿ ಅಂಗೈಯನ್ನು ಮುಂದಕ್ಕೆ ತೋರಿಸಬೇಕು. ಸೈನ್ಯಕ್ಕೆ ಅದು ಸರಿ. ಏರ್‌ಸಾಫ್ಟ್‌ನಲ್ಲಿ ಕೈ ಮೇಲೆತ್ತೋದಕ್ಕೆ ಆಗಲೇ ಒಂದು ಅರ್ಥ ಇದೆ: ‘ಹಿಟ್, ನಾನು ಔಟು.’

ಈಗ ಮುಂದಾಳು ಮರದ ಸಂದಿಯಲ್ಲಿ ಎದುರಾಳಿಯನ್ನು ಕಂಡು ಕೈ ಎತ್ತಿದ ಅಂತಿಟ್ಟುಕೊಳ್ಳಿ. ಹಿಂದಿನವನು ‘ಇವನಿಗೆ ಬಿತ್ತು’ ಅಂದುಕೊಂಡು ಇವನನ್ನು ದಾಟಿ ಮುಂದೆ ಹೋಗ್ತಾನೆ. ಎದುರಾಳಿಯೂ ಹಾಗೇ ಅಂದುಕೊಂಡು ಗುರಿ ಬೇರೆ ಕಡೆ ತಿರುಗಿಸ್ತಾನೆ. ಐದು ಸೆಕೆಂಡಿನಲ್ಲಿ ‘ಔಟಾದವನು’ ಅವನಿಗೇ ಹೊಡೀತಾನೆ. ಅಲ್ಲಿಗೆ ಆಟ ನಿಂತು ಪಂಚಾಯ್ತಿ ಶುರು. ಇಬ್ಬರೂ ಸುಳ್ಳು ಹೇಳ್ತಿಲ್ಲ ಅನ್ನೋದೇ ಇದರ ತಮಾಷೆ.

ಆದ್ದರಿಂದ ನಮ್ಮ ಆಟಕ್ಕೆ ‘ನಿಲ್ಲು’ ಅಂದರೆ ಮುಷ್ಟಿ. ಮೊಣಕೈ ಪಕ್ಕೆಲುಬಿಗೆ ತಾಗಿರಲಿ, ಮುಷ್ಟಿ ಭುಜದ ಎತ್ತರ ದಾಟದಿರಲಿ. ತಲೆಗಿಂತ ಮೇಲೆ ಹೋದ ಯಾವ ಕೈಯೂ ಔಟು ಅಂತಲೇ ಲೆಕ್ಕ. ಈ ಒಂದು ನಿಯಮವನ್ನು ಆಟಕ್ಕೆ ಮುಂಚೆ ಎರಡೂ ತಂಡಕ್ಕೆ ಹೇಳಿಬಿಟ್ಟರೆ ಅರ್ಧ ಜಗಳ ಹುಟ್ಟೋದೇ ಇಲ್ಲ. ಔಟಾದವರ ಹತ್ತಿರ ಒಂದು ಕೆಂಪು ಬಟ್ಟೆ ಇದ್ದರೆ ಇನ್ನೂ ಒಳ್ಳೇದು. ತಲೆ ಮೇಲೆ ಹಾಕಿಕೊಂಡು ಹೊರಗೆ ನಡೆಯಲಿ. ಔಟಾದವನು ಹೋಗ್ತಾ ಹೋಗ್ತಾ ‘ಅಲ್ಲಿದ್ದಾನೆ’ ಅಂತ ಕಣ್ಣಲ್ಲೋ ಗದ್ದದಲ್ಲೋ ತೋರಿಸೋದು ಶುದ್ಧ ಮೋಸ, ಅದು ಕೈಸನ್ನೆಗೆ ಸೇರಲ್ಲ.

ಸನ್ನೆ ಬೇಕಾಗೋದು ಮೊದಲ ಗುಂಡಿಗೆ ಮುಂಚೆ. ಗುಂಡು ಹಾರೋಕೆ ಶುರುವಾದ ಮೇಲೆ ನೀವು ಎಲ್ಲಿದ್ದೀರಿ ಅಂತ ಎಲ್ಲರಿಗೂ ಗೊತ್ತು, ಆಗ ಗಂಟಲೇ ವಾಸಿ. ‘ಎಡಗಡೆ ಬಂಡೆ ಹಿಂದೆ ಇಬ್ಬರು’ ಅಂತ ಕೂಗೋಕೆ ಎರಡು ಸೆಕೆಂಡು ಸಾಕು. ಅದನ್ನೇ ಕೈಯಲ್ಲಿ ಹೇಳೋಕೆ ಹೋದರೆ ಗನ್ನಿನಿಂದ ಒಂದು ಕೈ ತೆಗೀಬೇಕು, ಓದುವವನು ಎದುರಾಳಿಯಿಂದ ಕಣ್ಣು ತೆಗೀಬೇಕು. ಗುಂಡು ಬೀಳ್ತಿರುವಾಗಲೂ ಬೆರಳು ಎಣಿಸಿ ತೋರಿಸೋರು ಸಿನಿಮಾ ಜಾಸ್ತಿ ನೋಡಿದ್ದಾರೆ, ಅಷ್ಟೇ. ಆದರೆ ಅದಕ್ಕೆ ಮುಂಚಿನ ಹತ್ತು ನಿಮಿಷ ಬೇರೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ನೀಲಗಿರಿ ತೋಪುಗಳಲ್ಲಿ ನೆಲದ ತುಂಬ ಒಣ ಎಲೆ, ಸುಲಿದ ತೊಗಟೆ. ಕಾಲಿಟ್ಟರೆ ಚರಚರ. ಎಲ್ಲರೂ ನಿಂತಾಗ ಪೂರ್ತಿ ಮೌನ, ಆ ಮೌನದಲ್ಲಿ ಪಿಸುಮಾತೂ ಕೇಳಿಸುತ್ತೆ, ವಾಕಿಟಾಕಿಯ ಕರಕರ ಸದ್ದಂತೂ ಇನ್ನೂ ದೂರಕ್ಕೆ.

ಸಿದ್ಧಗಂಗೆ ಜಾತ್ರೆಯಂಥ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸೋದು ನೆನಪಿಸಿಕೊಳ್ಳಿ. ಸುತ್ತ ನೂರು ಜನ ನಿಂತಿದ್ದರೂ ಎತ್ತಿನ ಬೆಲೆ ಇಬ್ಬರಿಗೇ ಗೊತ್ತು. ಅದು ತಪ್ಪದೆ ನಡೆಯೋದು ಬೆರಳುಗಳ ಸಂಕೇತ ಜಾಣತನದ್ದು ಅಂತಲ್ಲ. ಇವನು ಬೆರಳು ಹಿಡಿದ ತಕ್ಷಣ ಅವನು ಅಲ್ಲೇ, ಅದೇ ಕೈಯಲ್ಲಿ ಉತ್ತರ ಕೊಡ್ತಾನೆ. ಹೇಳಿದ್ದು ತಲುಪಿತೋ ಇಲ್ಲವೋ ಅನ್ನೋ ಅನುಮಾನಕ್ಕೆ ಜಾಗ ಇಲ್ಲ. ಏರ್‌ಸಾಫ್ಟ್ ತಂಡಗಳಲ್ಲಿ ಕೆಡೋದು ಇದೇ ಕೊಂಡಿ. ಸನ್ನೆಗಳನ್ನೇನೋ ಮೂವತ್ತು ಬಾಯಿಪಾಠ ಮಾಡ್ತಾರೆ, ಮರುಸನ್ನೆ ಕೊಡೋದನ್ನು ಕಲಿಯಲ್ಲ. ಮುಂದಿನವನು ಮುಷ್ಟಿ ತೋರಿಸಿ ‘ಹೇಳಿದೀನಿ’ ಅಂದುಕೊಳ್ತಾನೆ. ಹಿಂದಿನವನು ಆ ಹೊತ್ತಿಗೆ ಲಂಟಾನ ಮುಳ್ಳಿಗೆ ಸಿಕ್ಕ ಪ್ಯಾಂಟು ಬಿಡಿಸಿಕೊಳ್ತಿರ್ತಾನೆ.

ಮರುಸನ್ನೆ ಒಂದೇ ಇರಲಿ: ಎದೆಯ ಮುಂದೆ ಹೆಬ್ಬೆಟ್ಟು ಮೇಲೆ. ತಲೆ ಆಡಿಸೋದನ್ನು ಪೂರ್ತಿ ನಿಷೇಧಿಸಿ. ನಮ್ಮವರು ‘ಹೂಂ’ ಅನ್ನೋಕೆ ತಲೆಯನ್ನು ಪಕ್ಕದಿಂದ ಪಕ್ಕಕ್ಕೆ ವಾಲಿಸ್ತಾರೆ. ಎದುರು ಕೂತಾಗ ಇದು ಸ್ಪಷ್ಟ. ಇಪ್ಪತ್ತು ಮೀಟರ್ ಆಚೆ, ಮುಖ ಪೂರ್ತಿ ಮುಚ್ಚಿದ ಮಾಸ್ಕಿನಲ್ಲಿ ಅದೇ ವಾಲಾಟ ‘ಬೇಡ’ ಅನ್ನೋ ಹಾಗೆ ಕಾಣುತ್ತೆ. ‘ಅರ್ಥ ಆಗಲಿಲ್ಲ’ ಅನ್ನೋಕೆ ಮಾತ್ರ ನಮ್ಮದೇ ಸನ್ನೆ ಬಳಸಿ: ಅಂಗೈ ಮೇಲೆ ಮಾಡಿ ಮಣಿಕಟ್ಟು ತಿರುಗಿಸಿ ‘ಏನು?’ ಅನ್ನೋದು. ಅಮೆರಿಕದ ಕೈಪಿಡಿಯಲ್ಲಿ ಇದಕ್ಕೆ ಎರಡೂ ಕೈ ಬೇಕು. ನಮ್ಮದಕ್ಕೆ ಒಂದೇ ಸಾಕು, ಯಾರಿಗೂ ಕಲಿಸಬೇಕಾಗಿಯೂ ಇಲ್ಲ.

ಎಲ್ಲ ಸನ್ನೆಯೂ ಒಂದೇ ಕೈಯಲ್ಲಿ ಮುಗೀಬೇಕು, ಅದೂ ಟ್ರಿಗರ್ ಹಿಡಿಯದ ಕೈಯಲ್ಲಿ. ಬಲಗೈಯವರಿಗೆ ಅದು ಎಡಗೈ. ಎಡಗೈಯಲ್ಲಿ ಏನನ್ನೂ ತೋರಿಸಬಾರದು ಅಂತ ಅಜ್ಜಿ ಕಲಿಸಿದ ಪಾಠವನ್ನು ಎರಡು ಗಂಟೆ ಮರೀಬೇಕಾಗುತ್ತೆ. ಬಲಗೈ ತೆಗೆದು ತೋರಿಸೋ ಅಭ್ಯಾಸ ಇರೋರನ್ನು ತಕ್ಷಣ ತಿದ್ದಿ. ಗನ್ನು ಎಡಗೈಯಲ್ಲಿ ಜೋತುಬಿದ್ದು ಅದರ ಮೂತಿ ತಿರುಗೋದು ಪಕ್ಕದವನ ಕಾಲಿಗೇ.

ಹಾಗಾದರೆ ಎಷ್ಟು ಸನ್ನೆ ಬೇಕು? ಶುರುವಿಗೆ ಎಂಟು ಸಾಕು. ಮುಷ್ಟಿ ಅಂದರೆ ನಿಲ್ಲು. ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿದರೆ ತಗ್ಗು. ಎರಡು ಬೆರಳು ಮಾಸ್ಕಿನ ಕಣ್ಣಿಗೆ ತೋರಿಸಿ ಆಮೇಲೆ ಅಂಗೈ ಚಾಚಿದರೆ ಅತ್ತ ಎದುರಾಳಿ ಇದ್ದಾನೆ. ಕಿವಿಗೆ ಕೈ ಇಟ್ಟರೆ ಸದ್ದು ಕೇಳಿಸಿತು. ಹೆಲ್ಮೆಟ್ಟಿನ ಪಕ್ಕ ಎರಡು ಸಲ ತಟ್ಟಿದರೆ ನನಗೆ ಕವರ್ ಕೊಡು, ಅಂದರೆ ಹೊಡೀತಾ ಕಾಪಾಡು. ಮ್ಯಾಗಜೀನ್ ತಟ್ಟಿದರೆ ಬಿಬಿ ಖಾಲಿ. ಇವುಗಳ ಜೊತೆ ಹೆಬ್ಬೆಟ್ಟು ಮತ್ತು ‘ಏನು?’ ದಿಕ್ಕು ತೋರಿಸೋಕೆ ಒಂಟಿ ಬೆರಳು ಬೇಡ, ಅಂಗೈ ಪೂರ್ತಿ ಚಾಚಿ. ಒಂದು ಬೆರಳು ದೂರದಿಂದ ‘ಒಬ್ಬ’ ಅಂತ ಓದಿಸಿಕೊಳ್ಳುತ್ತೆ.

ಇನ್ನೊಂದು ತಾಪತ್ರಯ, ಮನುಷ್ಯ ಸುಮ್ಮನೆ ಇರಲ್ಲ. ಬೆವರು ಒರೆಸ್ತಾನೆ, ಸೊಳ್ಳೆ ಹೊಡೀತಾನೆ, ಹೆಲ್ಮೆಟ್ ಸರಿ ಮಾಡ್ಕೊಳ್ತಾನೆ. ಮಾವಿನ ತೋಟದಲ್ಲಿ ಕೆಂಜಿಗ ಕುತ್ತಿಗೆಗೆ ಬಿದ್ದರಂತೂ ಹತ್ತು ಸೆಕೆಂಡಿನಲ್ಲಿ ಕೈಪಿಡಿಯ ಎಲ್ಲ ಸನ್ನೆಯೂ ಆಗಿಹೋಗುತ್ತೆ. ಅದಕ್ಕೇ ಸನ್ನೆ ಅಂದರೆ ಒಂದೋ ಎರಡು ಸೆಕೆಂಡು ಅಲುಗದೆ ಹಿಡಿದಿರಬೇಕು, ಇಲ್ಲವೇ ಎರಡು ಸಲ ಮಾಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಅದು ಕೆರೆತ, ಲೆಕ್ಕಕ್ಕಿಲ್ಲ.

ಸಂಖ್ಯೆಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಅಮೆರಿಕದ ಸಂಜ್ಞಾ ಭಾಷೆಯಲ್ಲಿ 6 ಅಂದರೆ ಹೆಬ್ಬೆಟ್ಟನ್ನು ಕಿರುಬೆರಳಿಗೆ ತಾಗಿಸಿ ನಡುವಿನ ಮೂರು ಬೆರಳು ನಿಲ್ಲಿಸೋದು. ನಮ್ಮಲ್ಲಿ ‘ಮೂರು’ ಅನ್ನೋಕೆ ಮಾಡೋದೂ ಅದನ್ನೇ! ಆ ಎಣಿಕೆ ಕಲಿತ ಒಬ್ಬ, ಕಲಿಯದ ಒಬ್ಬ ಒಂದೇ ತಂಡದಲ್ಲಿದ್ದರೆ ಮೂರು ಜನ ಇರೋ ಕಡೆ ಆರು ಜನ ಹುಟ್ಟಿಕೊಳ್ತಾರೆ. ಐದರ ಮೇಲಿನದಕ್ಕೆ ಮೊದಲು ಪೂರ್ತಿ ಅಂಗೈ, ಮುಷ್ಟಿ ಮುಚ್ಚದೆ ಕೈಯನ್ನು ಒಮ್ಮೆ ಕೆಳಗೆ ತಂದು, ಆಮೇಲೆ ಉಳಿದ ಬೆರಳು. ಏಳು ಅಂದರೆ ಐದು, ಎರಡು. ಮುಷ್ಟಿ ಯಾಕೆ ಬೇಡ ಅಂದರೆ ಮುಷ್ಟಿ ಆಗಲೇ ‘ನಿಲ್ಲು’ ಆಗಿಹೋಗಿದೆ.

ದೂರವನ್ನು ಮೀಟರಿನಲ್ಲಿ ಹೇಳೋ ಗೋಜಿಗೆ ಹೋಗಬೇಡಿ. ಶ್ರೀನಿವಾಸಪುರದ ಕಡೆಯ ಹಳೇ ಮಾವಿನ ತೋಟಗಳಂಥ ಜಾಗ ಸಿಕ್ಕರೆ ಅಳತೆಪಟ್ಟಿ ನೆಲದ ಮೇಲೇ ಇದೆ. ಹಳೇ ಪದ್ಧತಿಯಲ್ಲಿ ಮರದಿಂದ ಮರಕ್ಕೆ, ಸಾಲಿನಿಂದ ಸಾಲಿಗೆ ಸುಮಾರು 10 ಮೀಟರ್, ಅಂದರೆ 33 ಅಡಿ. ಬೆರಳು ತೋರಿಸಿ ಅಂಗೈಯಿಂದ ಗಾಳಿ ಕಡಿದರೆ ‘ಇಷ್ಟನೇ ಸಾಲು’. ಸೆಕೆಂಡಿಗೆ 350 ಅಡಿ ವೇಗದಲ್ಲಿ 0.20 ಗ್ರಾಂ ಬಿಬಿ ಹಾರಿಸೋ ಸಾಮಾನ್ಯ ಎಲೆಕ್ಟ್ರಿಕ್ ಗನ್ನು ನಂಬಿಕೆಯಿಂದ ಹೊಡೆಯೋದು 40, ಹೆಚ್ಚೆಂದರೆ 50 ಮೀಟರ್. ಅಂದಮೇಲೆ ನಾಲ್ಕನೇ ಸಾಲಿನ ತನಕ ಹೊಡೀಬಹುದು, ಆರನೇ ಸಾಲು ಅಂದರೆ ಕಾಯಬೇಕು. ದೂರದ ಸನ್ನೆಯೇ ಹೊಡೆಯೋದೋ ಬಿಡೋದೋ ಅನ್ನೋದನ್ನೂ ಹೇಳಿಬಿಡುತ್ತೆ.

ಇದು ತಪ್ಪೋದು ಓರೆಯಲ್ಲಿ ನೋಡಿದಾಗ. ಚೌಕ ನಾಟಿಯಲ್ಲಿ ಮೂಲೆಯಿಂದ ಮೂಲೆಗೆ ಮರಗಳ ಅಂತರ 14 ಮೀಟರ್. ಓರೆಯಲ್ಲಿ ಮೂರನೇ ಮರ ಅಂದರೆ 30 ಅಲ್ಲ, 42 ಮೀಟರ್. ನೋಡಿದವನು ಮರ ಎಣಿಸಿ ‘ಮೂರು’ ಅಂತಾನೆ, ಹೊಡೆಯೋನು ಬಿಬಿ ಅರ್ಧ ದಾರಿಯಲ್ಲಿ ಬಾಗೋದನ್ನು ನೋಡಿ ಹಾಪ್‌ಅಪ್, ಅಂದರೆ ಬಿಬಿಗೆ ಹಿಮ್ಮುಖ ಸುತ್ತು ಕೊಟ್ಟು ದೂರ ಹಾರಿಸೋ ಗನ್ನಿನ ಭಾಗ, ತಿರುಗಿಸೋಕೆ ಕೂತ್ಕೊಳ್ತಾನೆ. ಹಾಪ್‌ಅಪ್ ಸರಿಯಾಗೇ ಇರುತ್ತೆ. ಓರೆಯಲ್ಲಿ ಎಣಿಸೋದಾದರೆ ಅಂಗೈಯನ್ನೂ ಓರೆಯಾಗೇ ಕಡೀಬೇಕು.

ಮಾವಿನ ತೋಟದಲ್ಲಿ ಕೈಯ ಎತ್ತರವೂ ಮುಖ್ಯ. ಹಳೇ ಮರಗಳ ರೆಂಬೆಗಳು ಎದೆ ಮಟ್ಟಕ್ಕೆ ಇಳಿದಿರ್ತವೆ. ನಿಂತು ನೋಡಿದರೆ ಬರೀ ಎಲೆ. ಮೊಣಕಾಲೂರಿದರೆ ಎಲೆಯ ಕೆಳಗೆ ಕಾಂಡಗಳ ನಡುವೆ ಎಷ್ಟೋ ದೂರ ಕಾಣುತ್ತೆ. ನೋಡೋರೆಲ್ಲ ಕೂತಿದ್ದಾಗ ಸನ್ನೆ ಕೊಡೋನು ನಿಂತು ಭುಜದ ಹತ್ತಿರ ಮುಷ್ಟಿ ಹಿಡಿದರೆ ಅದನ್ನು ನೋಡೋದು ಮಾವಿನ ಎಲೆ ಮಾತ್ರ. ಇಂಥ ಕಡೆ ಸನ್ನೆ ಸೊಂಟದ ಹತ್ತಿರ, ಬೆನ್ನ ಹಿಂದೆ ಕೊಡೋದು ವಾಸಿ. ಎದುರಿನವನಿಗೆ ನಿಮ್ಮ ಮೈಯೇ ಪರದೆ.

ಗ್ಲೌಸ್ ಬಣ್ಣದ ಬಗ್ಗೆ ಯಾರೂ ಯೋಚಿಸಲ್ಲ. ಕೋಲಾರದ ಕೆಮ್ಮಣ್ಣಿನಲ್ಲಿ ಎರಡು ಸಲ ತೆವಳಿದರೆ ಮರಳು ಬಣ್ಣದ ಗ್ಲೌಸು, ಪ್ಯಾಂಟು, ನೆಲ ಮೂರೂ ಒಂದೇ. ಸೊಂಟದ ಹತ್ತಿರ ತೋರಿಸಿದ ಮೂರು ಬೆರಳು ಪ್ಯಾಂಟಿನಲ್ಲಿ ಕರಗಿಹೋಗುತ್ತೆ. ಗಾಢ ಬಣ್ಣದ ಗ್ಲೌಸ್ ತಗೊಂಡು ಅಂಗೈ ಕಡೆ ಬೆರಳುಗಳ ಮೇಲೆ ತಿಳಿ ಬಣ್ಣದ ಬಟ್ಟೆ ಟೇಪು ಉದ್ದಕ್ಕೆ ಅಂಟಿಸಿ. ಅಂಗೈ ನಮ್ಮವರ ಕಡೆ, ಮುಂಗೈ ಎದುರಾಳಿ ಕಡೆ. ನೆರಳಿನಲ್ಲಿ 15 ಮೀಟರಿಗೇ ಗೊಂದಲ ಆಗುತ್ತಿದ್ದ ಬೆರಳೆಣಿಕೆ ಆಗ 25, 30 ಮೀಟರ್ ತನಕ ಓದೋಕೆ ಬರುತ್ತೆ. ಹೊಳೆಯೋ ಟೇಪು ಬೇಡ, ಬೆಳಗಿನ ಓರೆ ಬಿಸಿಲಿಗೆ ಅದು ಎಲ್ಲರಿಗೂ ಕಾಣುತ್ತೆ.

ಬಂಡೆಗಳ ನಡುವೆ ಕಷ್ಟ ಬೇರೆ ಥರ. ಅಂತರಗಂಗೆ ಬೆಟ್ಟದಲ್ಲಿ ಕಾಣೋ ಥರದ ಗುಂಡುಗಲ್ಲುಗಳ ರಾಶಿ ಖಾಸಗಿ ಜಮೀನುಗಳಲ್ಲೂ ಬೇಕಾದಷ್ಟಿದೆ. ಆಡೋದು ಅಲ್ಲಿ ಮಾತ್ರ, ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಂಡು, ಹತ್ತಿರದ ಠಾಣೆಗೆ ತಿಳಿಸಿ. ದೇವರಾಯನದುರ್ಗದಂಥ ಕಾಡಿನ ಕಡೆ ಆಟದ ಯೋಚನೆಯನ್ನೇ ಮಾಡಬೇಡಿ. ಬಂಡೆ ಸಂದಿಯಲ್ಲಿ ನೇರ ನೋಟ ಐದಾರು ಮೀಟರ್ ಸಿಕ್ಕರೆ ಹೆಚ್ಚು. ಅಲ್ಲಿ ತಿರುವಿಗೊಬ್ಬರು ನಿಂತು ಸನ್ನೆಯನ್ನು ಕೈ ದಾಟಿಸಬೇಕು. ಐದು ಜನರ ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಎರಡು ಮೂರು ಸೆಕೆಂಡು ಅಂದರೂ ಕೊನೆ ಮುಟ್ಟೋಕೆ ಹತ್ತು ಸೆಕೆಂಡು, ಹೆಬ್ಬೆಟ್ಟು ವಾಪಸ್ ಬರೋಕೆ ಇನ್ನೊಂದು ಹತ್ತು. ಈ ಇಪ್ಪತ್ತು ಸೆಕೆಂಡು ಮುಂದಾಳು ಅಲುಗಬಾರದು. ಬಹಳ ಜನ ಆರನೇ ಸೆಕೆಂಡಿಗೇ ಹೊರಡ್ತಾರೆ, ಆಮೇಲೆ ‘ಹಿಂದೆ ಯಾರೂ ಇರಲಿಲ್ಲ’ ಅಂತ ಬೈಕೊಳ್ತಾರೆ. ನಡುವಿನವನು ತನಗೆ ಅರ್ಥ ಆಗದ್ದನ್ನು ಅಂದಾಜಿನಲ್ಲಿ ದಾಟಿಸೋದು ಇನ್ನೊಂದು ರೋಗ. ಕಿವಿಯಿಂದ ಕಿವಿಗೆ ಮಾತು ದಾಟಿಸೋ ಮಕ್ಕಳಾಟದ ಗತಿಯೇ ಅದಕ್ಕೂ. ಅರ್ಥ ಆಗದಿದ್ದರೆ ‘ಏನು?’ ಹಿಂದಿರುಗಲಿ, ಸನ್ನೆ ಅಲ್ಲೇ ನಿಲ್ಲಲಿ.

ಪೂರ್ತಿ ಮುಚ್ಚುವ ಗಾಗಲ್ಸ್ ಪಕ್ಕದ ನೋಟ ಕಿತ್ತುಕೊಳ್ಳುತ್ತೆ. ಹಾಗಂತ ಅದನ್ನು ಸಡಿಲ ಮಾಡಿಕೊಂಡರೆ ಕಣ್ಣಿಗೇ ಅಪಾಯ, ಅದರಲ್ಲೂ ಬಿಬಿ ಬಂಡೆಗೆ ಬಡಿದು ಸಿಡಿಯೋ ಜಾಗದಲ್ಲಿ. ಬದಲಿಗೆ ಪ್ರತಿ ಸಲ ನಿಂತಾಗ ಮೊದಲು ಮುಂದೆ, ಆಮೇಲೆ ಜೊತೆಯವನ ಕೈ ಕಡೆ ನೋಡೋದು ರೂಢಿ ಆಗಬೇಕು. ಮುಖ ಅಲ್ಲ, ಕೈ. ಬೆಳಕು ಪೂರ್ತಿ ಹೋದ ಮೇಲೆ ಸನ್ನೆ ಬಿಟ್ಟು ಕಬಡ್ಡಿಯವರ ದಾರಿ ಹಿಡೀಬಹುದು. ಅಲ್ಲಿ ಸರಪಳಿ ಕಟ್ಟಿದ ಇಬ್ಬರು ಕೈ ಅದುಮಿ ಹೇಳಿಕೊಳ್ಳೋ ಹಾಗೆ, ಇಲ್ಲಿ ಭುಜ ಒಂದು ಸಲ ಅದುಮಿದರೆ ನಿಲ್ಲು, ಎರಡು ಸಲ ಅದುಮಿದರೆ ನಡಿ.

ಅಭ್ಯಾಸಕ್ಕೆ ಗನ್ನು ಬೇಡ, ಇಪ್ಪತ್ತು ನಿಮಿಷ, ಒಂದು ಬಯಲು ಸಾಕು. ಎರಡು ಸಾಲು 15 ಮೀಟರ್ ದೂರದಲ್ಲಿ ಎದುರುಬದುರು ನಿಂತು ಒಬ್ಬ ತೋರಿಸಲಿ, ಇನ್ನೊಬ್ಬ ಓದಿದ್ದನ್ನು ಚೀಟಿಯಲ್ಲಿ ಬರೀಲಿ. ಬಾಯಲ್ಲಿ ಹೇಳಿಸಿದರೆ ಪಕ್ಕದವನದ್ದು ಕೇಳಿ ಎಲ್ಲರೂ ಪಾಸಾಗ್ತಾರೆ. ಆಮೇಲೆ 30 ಮೀಟರ್, ಆಮೇಲೆ 45. ನಂತರ ಅದೆಲ್ಲವನ್ನೂ ಮಾಸ್ಕು, ಗ್ಲೌಸ್ ಹಾಕಿಕೊಂಡು ಮತ್ತೆ. ಚೀಟಿಗಳಲ್ಲಿ ಯಾವ ಸನ್ನೆ ಪದೇ ಪದೇ ತಪ್ಪಾಗಿ ಬಂದಿದೆಯೋ ಅದನ್ನು ಜನಕ್ಕೆ ಇನ್ನೊಮ್ಮೆ ಕಲಿಸೋಕೆ ಹೋಗಬೇಡಿ, ಸನ್ನೆಯನ್ನೇ ಬದಲಾಯಿಸಿ. ಸಂಜೆ ಆರರ ಬೆಳಕಿನಲ್ಲಿ ಒಂದು ಸುತ್ತು ಮಾಡಿದರೆ ಎಂಟರಲ್ಲಿ ಎಷ್ಟು ಉಳೀತವೆ ಅನ್ನೋದೂ ಗೊತ್ತಾಗುತ್ತೆ.

ಒಂದಕ್ಕೆ ಮಾತ್ರ ಯಾವತ್ತೂ ಸನ್ನೆ ಇಟ್ಟುಕೊಳ್ಳಬಾರದು. ಗಾಗಲ್ಸ್ ಕಳಚಿ ಬಿತ್ತು, ಕಾಲು ಉಳುಕಿತು, ತೋಟದ ಕಾವಲುಗಾರ ನಡುವೆ ಬಂದ, ಯಾರದೋ ಹಸು ಹಗ್ಗ ಬಿಚ್ಚಿಕೊಂಡು ಸಾಲಿನೊಳಗೆ ನುಗ್ಗಿತು: ಇವೆಲ್ಲಕ್ಕೂ ಗಂಟಲು ಹರಿಯೋ ಹಾಗೆ ‘ಸೀಸ್ ಫೈರ್’ ಅಂತ ಕೂಗೋದು, ಮೂರು ಸಲ ಸೀಟಿ ಊದೋದು. ಕೇಳಿಸಿದ ಪ್ರತಿಯೊಬ್ಬರೂ ಅದನ್ನೇ ಕೂಗಿ ಮುಂದಕ್ಕೆ ದಾಟಿಸಬೇಕು, ಸೇಫ್ಟಿ ಹಾಕಿ ಗನ್ನಿನ ಮೂತಿ ನೆಲಕ್ಕೆ ಇಳಿಸಬೇಕು. ಹಸು ಹೊರಗೆ ಹೋಗೋ ತನಕ ಯಾರೂ ಮಾಸ್ಕ್ ತೆಗೆಯೋ ಹಾಗಿಲ್ಲ.