ಚಹಾ, ಕಾಫಿ, ಹಾಲು, ಕೆನೆ, ಬೆಣ್ಣೆ

ಜೋಸೆಫ್ ಜ್ಬುಕ್ವಿಚ್ ಅವರ ಜಲವರ್ಣದಲ್ಲಿ ಮಳೆಯ ಮೆಲ್ಬರ್ನ್ ನೋಡಿದಾಗಲೆಲ್ಲ ಇದು ಕನಸುಗಾರನ ಕೈ ಎಂದುಕೊಳ್ಳುತ್ತಿದ್ದೆ. ಒದ್ದೆ ರಸ್ತೆ, ಟ್ರಾಮ್, ಕೊಡೆ ಹಿಡಿದವರು (ಕೊಡೆಗಳು ಒಂದಿಷ್ಟು ಹೆಚ್ಚೇ ಆದವು ಎನಿಸುವುದೂ ಉಂಟು), ಹಿಂದೆ ಬೂದು ಆವಿಯಲ್ಲಿ ಕರಗಿಹೋದ ಕಟ್ಟಡಗಳು. ಜ್ಬುಕ್ವಿಚ್ 1952ರಲ್ಲಿ ಇಂದಿನ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯಾಕ್ಕೆ ವಲಸೆ ಹೋದವರು. ಬಿಟ್ಟುಬಂದ ಊರಿನ ಹಂಬಲವೇ ಹೀಗೆ ಮಂಜಾಗಿದೆ ಎಂದು ನಾನೇ ಒಂದು ಕಥೆ ಕಟ್ಟಿಕೊಂಡಿದ್ದೆ.

ಅವರ ಪಾಠ ಓದಿದ ಮೇಲೆ ಆ ಕಥೆ ಉಳಿಯಲಿಲ್ಲ. ಬಣ್ಣದ ಗಟ್ಟಿತನಕ್ಕೆ ಅವರು ಕೊಡುವ ಹೆಸರುಗಳು ಅಡುಗೆಮನೆಯವು: ಚಹಾ, ಕಾಫಿ, ಹಾಲು, ಕೆನೆ, ಬೆಣ್ಣೆ. ಕಾಗದಕ್ಕೂ ಹಾಗೆಯೇ ನಾಲ್ಕು ಅವಸ್ಥೆಗಳು, ನೀರು ನಿಂತು ಹೊಳೆಯುವುದರಿಂದ ಪೂರ್ತಿ ಒಣಗುವವರೆಗೆ. ಇವೆರಡನ್ನು ಗಡಿಯಾರದ ಮುಳ್ಳುಗಳಂತೆ ಹೊಂದಿಸಬೇಕು. ಅವರು ಅದನ್ನು ಗಡಿಯಾರವೆಂದೇ ಕರೆಯುತ್ತಾರೆ. ಹೊಳಪು ಆರಿದ ಹಸಿ ಕಾಗದಕ್ಕೆ ಕೆನೆಯಂಥ ಬಣ್ಣ ತಾಗಿಸಿದರೆ ಮರದ ಅಂಚು ಮೆತ್ತಗೆ ಹರಡಿ, ಬೇಕಾದಲ್ಲಿ ನಿಲ್ಲುತ್ತದೆ. ಅದೇ ಗಳಿಗೆಯಲ್ಲಿ ಚಹಾ ತಾಗಿತೋ, ಹೆಚ್ಚಾದ ನೀರು ಮೊದಲಿದ್ದ ಬಣ್ಣವನ್ನು ಹೊರಕ್ಕೆ ತಳ್ಳಿ ಹೂಕೋಸಿನಂಥ ಕಲೆ ಮಾಡುತ್ತದೆ. ನಾನು ಹಂಬಲ ಎಂದುಕೊಂಡದ್ದು ಒಣಗುವ ಕಾಗದದ ಮೇಲಿಟ್ಟ ಕಣ್ಣು. ಇದು ಗೊತ್ತಾದ ಮೇಲೆ ಆ ಮಂಜಿನ ಮೇಲಿನ ಮೋಹ ಕಡಿಮೆಯಾಗಲಿಲ್ಲ, ಹೊಟ್ಟೆಕಿಚ್ಚೂ ಜೊತೆಗೆ ಸೇರಿತು.

ಮಲೆನಾಡಿನ ಸಾಗರ ಊರಿನ ಆಷಾಢದಲ್ಲಿ ಈ ಗಡಿಯಾರ ನಿಂತೇಹೋಗುತ್ತದೆ. ಬಟ್ಟೆಯೇ ಮೂರು ದಿನ ಒಣಗದ ಮನೆಯಲ್ಲಿ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹತ್ತಿ ಕಾಗದ ಒಣಗುತ್ತದೆಯೇ? ಸಹನೆ ಕೆಟ್ಟು ತೋಟದ ಅಂಚನ್ನು ಚಹಾದಂಥ ಹಸಿರಿನಲ್ಲಿ ಎಳೆದೆ. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ, “ಗೋಡೆಯ ಬೂಸಲನ್ನು ಎಷ್ಟು ಚೆನ್ನಾಗಿ ಬರೆದಿದ್ದೀಯ” ಎಂದರು. ತಮಾಷೆಗಲ್ಲ.

ಈಗ ಬೆರಳಿನ ಹಿಂಬದಿಯಿಂದ ಕಾಗದವನ್ನು ಮುಟ್ಟಿ ನೋಡುತ್ತೇನೆ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಕುಂಚ ಕೆಳಗಿಟ್ಟು ಕಾಯುತ್ತೇನೆ. ಕಾಯುವಾಗ ಜ್ಬುಕ್ವಿಚ್ ಅವರ ಚಿತ್ರದಲ್ಲಿ ಹರಿತವಾಗಿ ಉಳಿದದ್ದನ್ನು ಎಣಿಸುತ್ತೇನೆ: ಒಂದು ಕಾರಿನ ನೆತ್ತಿಯ ಬೆಳಕು (ಅದೂ ಬಣ್ಣ ಮುಟ್ಟಿಸದೆ ಬಿಟ್ಟ ಕಾಗದ), ಒಬ್ಬನ ಭುಜ. ಅಷ್ಟೇ. ಉಳಿದದ್ದೆಲ್ಲ ಮಬ್ಬಾಗಲು ಆ ಎರಡು ಸಾಕು.

ನಾಲ್ಕನೆಯ ಹಾಳೆಯಲ್ಲಿ ಒಂದು ಅಡಿಕೆ ಮರ ಸರಿಯಾಗಿ ಮಂಜಿಗೆ ಸೇರಿಕೊಂಡಿತು. ಪಕ್ಕದ್ದು ಹೂಕೋಸು.