ಬೋರ್‌ವೆಲ್ ಅಪ್ಪಾಜಿ ನೋಡಿದ ಹಿಮನದಿ

ಹೊಳೆ ನೀರಿನ ಬಣ್ಣ ನೋಡಿ ಅಪ್ಪಾಜಿ ಅಲ್ಲೇ ನಿಂತುಬಿಟ್ಟರು. "ಇದು ಬೋರ್ ಹೊಡೆಯುವಾಗ ಉಕ್ಕೋ ನೀರಲ್ವೇನಮ್ಮಾ?" ಎಂದರು.

ನಾವಿದ್ದದ್ದು ಸ್ವಿಟ್ಜರ್‌ಲೆಂಡಿನ ಪೂರ್ವ ಭಾಗದಲ್ಲಿ, ಪೊಂಟ್ರೆಸಿನಾ ಎಂಬ ಊರಿನ ಹತ್ತಿರ. ಎದುರಿಗೆ ಹರಿಯುತ್ತಿದ್ದದ್ದು ಮೊರ್ಟೆರಾಚ್ ಹಿಮನದಿಯಿಂದ ಇಳಿದು ಬರುವ ಹೊಳೆ. ಹಿಮದ ನೀರು ಅಂದರೆ ಕನ್ನಡಿಯ ಹಾಗೆ ತಿಳಿಯಾಗಿರುತ್ತದೆ ಅಂತ ನಾನು ಇಲ್ಲಿಗೆ ಬರುವ ಮೊದಲು ಅಂದುಕೊಂಡಿದ್ದೆ. ಹಾಗಿಲ್ಲ. ಸಿಮೆಂಟ್ ಕಲಸಿದ ಬಕೆಟ್ ತೊಳೆದರೆ ಬರುತ್ತದಲ್ಲ, ಆ ಬಣ್ಣ.

ಅಪ್ಪಾಜಿ ಚಿತ್ರದುರ್ಗದ ಸುತ್ತಮುತ್ತ ಮೂವತ್ತು ವರ್ಷ ಬೋರ್‌ವೆಲ್ ಲಾರಿಯ ಜೊತೆ ಓಡಾಡಿದವರು. ಹೊಳಲ್ಕೆರೆ, ಹೊಸದುರ್ಗ, ಚಳ್ಳಕೆರೆ, ಹಿರಿಯೂರು, ಎಲ್ಲ ಕಡೆ ಅವರು ನಿಂತು ಕೊರೆಸಿದ ಬೋರ್‌ಗಳಿವೆ. ನಾನು ಚಿಕ್ಕವಳಿದ್ದಾಗ ರಜೆಯಲ್ಲಿ ಒಂದೆರಡು ಸಲ ಜೊತೆಗೆ ಹೋಗಿದ್ದೆ. ಮೊದಲು ಕಲ್ಲಿನ ಪುಡಿ ಹೊಗೆಯ ಹಾಗೆ ಹಾರುತ್ತದೆ. ಹೊಲದವರು, ನೆಂಟರು, ಮಕ್ಕಳು ಎಲ್ಲರೂ ಮೂಗಿಗೆ ಬಟ್ಟೆ ಹಿಡಿದುಕೊಂಡು ಕಾಯುತ್ತಾರೆ. ನೀರು ತಗುಲಿದ ಕೂಡಲೇ ಅದೇ ಪುಡಿ ಬೂದು ಕೆಸರಾಗಿ ಪೈಪಿನ ಸುತ್ತ ಉಕ್ಕುತ್ತದೆ. ಮನೆ ಯಜಮಾನ ಅದನ್ನೇ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡದ್ದನ್ನು ನಾನು ನೋಡಿದ್ದೇನೆ.

ಅಪ್ಪಾಜಿ ಹೇಳಿದ್ದು ಸರಿಯಾಗಿಯೇ ಇತ್ತು. ಹಿಮನದಿ ನಿಂತ ಮಂಜುಗಡ್ಡೆ ಅಲ್ಲ, ತನ್ನ ಭಾರಕ್ಕೆ ತಾನೇ ಕೆಳಕ್ಕೆ ಜಾರುತ್ತಿರುತ್ತದೆ. ಅದರ ಅಡಿಯಲ್ಲಿ ಕಲ್ಲುಗಳು ಹಲ್ಲಿನ ಹಾಗೆ ಸಿಕ್ಕಿಕೊಂಡಿರುತ್ತವೆ. ಅವು ಕೆಳಗಿನ ಬಂಡೆಯನ್ನು ಉಜ್ಜುತ್ತಾ ಹೋಗುತ್ತವೆ. ಉದುರುವ ಪುಡಿ ಎಷ್ಟು ನಯ ಅಂದರೆ ನೀರಿನಲ್ಲಿ ಬೇಗ ತಳ ಸೇರುವುದಿಲ್ಲ. ಕ್ಯಾಲೆಂಡರ್‌ಗಳಲ್ಲಿ ನೀವು ನೋಡಿರುವ ಇಲ್ಲಿನ ಸರೋವರಗಳ ಹಸಿರು ಮಿಶ್ರಿತ ನೀಲಿ ಬಣ್ಣಕ್ಕೆ ಕಾರಣ ಇದೇ ಕಲ್ಲಿನ ಹಿಟ್ಟು. ಅಪ್ಪಾಜಿ ಒಂದು ಬಾಟಲಿ ತುಂಬಿಸಿಕೊಂಡರು. ಸಂಜೆ ರೈಲಿನಲ್ಲಿ ಅದನ್ನು ಕಿಟಕಿ ಪಕ್ಕ ಇಟ್ಟು ನೋಡುತ್ತಾ ಕೂತರು. ಜ್ಯೂರಿಕ್ ಮುಟ್ಟುವ ಹೊತ್ತಿಗೆ ತಳದಲ್ಲಿ ತೆಳ್ಳಗೆ ಬೂದು ಪುಡಿಯ ಪದರ ಕೂತಿತ್ತು. ಮೇಲಿನ ನೀರು ಮಾತ್ರ ಇನ್ನೂ ಮಬ್ಬಾಗಿಯೇ ಇತ್ತು.

ಈ ಪ್ರವಾಸಕ್ಕೆ ಶುರು ಎಲ್ಲಿ ಅಂದರೆ, ಜ್ಯೂರಿಕ್ ಕಡೆ ನಾನಿರುವ ಮನೆಯ ಹಿಂದಿನ ಕಾಡಿನಲ್ಲಿರುವ ಒಂದು ಬಂಡೆ. ಅಪ್ಪಾಜಿ ಬಂದ ಮೊದಲ ವಾರ ಬೆಳಿಗ್ಗೆ ವಾಕಿಂಗ್‌ಗೆ ಕರೆದುಕೊಂಡು ಹೋಗಿದ್ದೆ. ಆಳೆತ್ತರದ ಕಲ್ಲು, ಕಡು ಕೆಂಪು. ಮಸಾಲೆ ವಡೆಯಲ್ಲಿ ಬೇಳೆ ಸಿಕ್ಕಿಕೊಂಡ ಹಾಗೆ ಅದರೊಳಗೆ ಬೇರೆ ಬೇರೆ ಬಣ್ಣದ ಚೂರುಗಳು. ಎಂಟು ವರ್ಷದಿಂದ ಅದರ ಪಕ್ಕವೇ ಓಡಾಡುತ್ತಿದ್ದೇನೆ, ಒಂದು ದಿನವೂ ಯೋಚಿಸಿರಲಿಲ್ಲ. ಅಪ್ಪಾಜಿ ಅದನ್ನು ತಟ್ಟಿದರು. ಸುತ್ತಲಿನ ನೆಲ ನೋಡಿದರು. ದಾರಿಯಲ್ಲಿ ಕಡಿದಿದ್ದ ದಿಣ್ಣೆಯ ಮೃದುವಾದ ಮರಳುಗಲ್ಲನ್ನು ಉಗುರಿನಲ್ಲಿ ಕೆರೆದರು. "ಇದು ಇಲ್ಲಿಯ ಕಲ್ಲಲ್ಲ ಕಣಮ್ಮ. ಯಾರು ತಂದು ಹಾಕಿದ್ರು?" ಅಂತ ಕೇಳಿದರು.

ದುರ್ಗದವರಿಗೆ ಬಂಡೆ ಹೊಸತಲ್ಲ. ಕೋಟೆಯ ಮೇಲೆ ಒಂದರ ಮೇಲೊಂದು ಇಟ್ಟ ಹಾಗೆ ಕಾಣುವ ಗುಂಡುಗಳನ್ನು ಯಾರೂ ತಂದು ಇಟ್ಟಿದ್ದಲ್ಲ. 250 ಕೋಟಿ ವರ್ಷಕ್ಕಿಂತ ಹಳೆಯ ಆ ಕಲ್ಲು ನೆಲದೊಳಗೆ ಇದ್ದಾಗಲೇ ಬಿರುಕು ಬಿಟ್ಟಿತು. ಬಿರುಕಿನಲ್ಲಿ ನೀರಿಳಿಯಿತು. ಮೂಲೆಗಳು ಮೊದಲು ಸವೆದು ಗುಂಡಗಾದವು. ಆಮೇಲೆ ಸುತ್ತಲಿನ ಮಣ್ಣು ಕೊಚ್ಚಿಹೋಗಿ ಗುಂಡುಗಳು ಮಾತ್ರ ಉಳಿದವು. ಹುಟ್ಟಿದ ಜಾಗದಲ್ಲೇ ನಿಂತ ಕಲ್ಲುಗಳು ಅವು. ಅಂಥ ಊರಿನಿಂದ ಬಂದವರಿಗೆ ಊರು ಬಿಟ್ಟು ಬಂದ ಕಲ್ಲು ಥಟ್ಟನೆ ಗೊತ್ತಾಗಿದ್ದು ದೊಡ್ಡದಲ್ಲ. ನನಗೆ ಗೊತ್ತಾಗದೆ ಹೋದದ್ದಕ್ಕೆ ನಿಜವಾಗಿಯೂ ಬೇಜಾರಾಯಿತು.

ಈ ಕೆಂಪು ಕಲ್ಲಿನ ಊರು ಗ್ಲಾರುಸ್ ಬೆಟ್ಟಗಳು. ದುರ್ಗದಿಂದ ದಾವಣಗೆರೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟು ದೂರ. ತಂದದ್ದು ಲಿಂತ್ ಹಿಮನದಿ. ಕಳೆದ ಹಿಮಯುಗ ಜೋರಾಗಿದ್ದಾಗ, ಅಂದರೆ ಸುಮಾರು 24,000 ವರ್ಷದ ಹಿಂದೆ, ಈಗ ಟ್ರಾಮ್ ಓಡುವ ಜ್ಯೂರಿಕ್ ಊರಿನ ಮೇಲೆ ನೂರಾರು ಮೀಟರ್ ದಪ್ಪ ಮಂಜುಗಡ್ಡೆ ಕೂತಿತ್ತು. ಅದರ ತುದಿ ಇನ್ನೂ ಮುಂದೆ, ಕಿಲ್‌ವಾಂಗೆನ್ ಎಂಬಲ್ಲಿಯವರೆಗೆ ಹೋಗಿತ್ತು. ಬೆಟ್ಟದಿಂದ ಬೆನ್ನಿನ ಮೇಲೆ ಬಿದ್ದ ಬಂಡೆಗಳನ್ನು ಹಿಮ ಹೊತ್ತು ತಂದಿತು. ಕರಗಿದಾಗ ಎಲ್ಲಿತ್ತೋ ಅಲ್ಲೇ ಇಳಿಸಿತು.

ಹಿಂದೆ ಸರಿಯುವಾಗಲೂ ಅದು ಒಂದೇ ಸಮನೆ ಹೋಗಲಿಲ್ಲ. ನಿಂತು ನಿಂತು ಹೋಯಿತು. ತುದಿ ಒಂದೇ ಜಾಗದಲ್ಲಿ ತುಂಬಾ ಕಾಲ ನಿಂತರೆ ಮುಂದೆ ಕಲ್ಲು ಮಣ್ಣಿನ ಒಡ್ಡು ಬೀಳುತ್ತದೆ. ಜ್ಯೂರಿಕ್‌ನ ಹಳೆ ಊರಿನ ನಡುವೆ ಇರುವ ಲಿಂಡೆನ್‌ಹೋಫ್ ದಿಬ್ಬ ಅಂಥದೇ ಒಡ್ಡಿನ ತುಂಡು. ಆ ಒಡ್ಡಿನ ಹಿಂದೆ ನೀರು ನಿಂತಿದ್ದೇ ಜ್ಯೂರಿಕ್ ಸರೋವರ. ಕೆರೆ ಏರಿ ಅಂದರೆ ನಮಗೆ ಕಣ್ಣಿಗೆ ಕಟ್ಟುತ್ತದೆ ಅಲ್ವಾ? ಇಲ್ಲಿ ಏರಿ ಹಾಕಿದ್ದು ಹಿಮ.

ಇದನ್ನೆಲ್ಲ ಮೊದಲು ಅರ್ಥ ಮಾಡಿಕೊಂಡವರಲ್ಲಿ ಒಬ್ಬ ಬೇಟೆಗಾರನಿದ್ದ. ಜಾಂ ಪಿಯೆರ್ ಪೆರೋದಾಂ ಅಂತ, ಲೂರ್ತಿಯೇ ಎಂಬ ಹಳ್ಳಿಯವನು. ಆ ಕಾಲದ ಓದಿದವರು ಈ ದೂರದ ಬಂಡೆಗಳನ್ನು ಮಹಾಪ್ರಳಯದ ನೀರು ತಂದಿತು ಅನ್ನುತ್ತಿದ್ದರು. ಬೆಟ್ಟ ಹತ್ತಿ ಇಳಿದು ಬದುಕುತ್ತಿದ್ದ ಪೆರೋದಾಂ ಒಪ್ಪಲಿಲ್ಲ. ಇಷ್ಟು ದೊಡ್ಡ ಕಲ್ಲನ್ನು ನೀರು ಹೊರಲಾರದು, ಹಿಂದೆ ಹಿಮನದಿ ಈ ಕಣಿವೆಯನ್ನೆಲ್ಲ ತುಂಬಿತ್ತು ಅಂದ. 1815ರಲ್ಲಿ ಅವನ ಮನೆಯಲ್ಲಿ ಒಂದು ರಾತ್ರಿ ತಂಗಿದ್ದ ಭೂವಿಜ್ಞಾನಿ ಜಾಂ ದ ಶಾರ್ಪಾಂತಿಯೇ ಈ ಮಾತು ಕೇಳಿ ನಂಬಲಿಲ್ಲ. ಆಮೇಲೆ ಇಂಜಿನಿಯರ್ ಇಗ್ನಾಟ್ಸ್ ವೆನೆಟ್ಸ್ ನಂಬಿದ, ಅವನಿಂದ ಶಾರ್ಪಾಂತಿಯೇ ಕೂಡ ನಂಬಿದ. 1837ರಲ್ಲಿ ಲೂಯಿ ಅಗಾಸಿ ನ್ಯೂಶಾಟೆಲ್‌ನಲ್ಲಿ ವಿಜ್ಞಾನಿಗಳ ಮುಂದೆ ಹಿಮಯುಗದ ಬಗ್ಗೆ ಭಾಷಣ ಮಾಡಿದ. ಹೆಸರು ಹೆಚ್ಚಾಗಿ ಉಳಿದದ್ದು ಅಗಾಸಿಯದು. ನನಗೆ ಮಾತ್ರ ಪೆರೋದಾಂ ಜಾಸ್ತಿ ಇಷ್ಟ. ಕಲ್ಲು ಮುಟ್ಟಿ ನೋಡಿ ಹೇಳುವವರ ಮನೆಯಲ್ಲೇ ನಾನು ಬೆಳೆದವಳು.

"ಅಷ್ಟು ಹಿಮ ಯಾಕೆ ಹೋಯ್ತು?" ಅಂತ ಅಪ್ಪಾಜಿ ರೈಲಿನಲ್ಲಿ ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಭೂಮಿ ಸೂರ್ಯನ ಸುತ್ತ ತಿರುಗುವ ದಾರಿಯೂ ಅದರ ಓರೆಯೂ ಸಾವಿರಾರು ವರ್ಷದಲ್ಲಿ ನಿಧಾನವಾಗಿ ಬದಲಾಗುತ್ತವೆ. ಉತ್ತರದ ಬೇಸಿಗೆಗೆ ಬಿಸಿಲು ಹೆಚ್ಚಾಯಿತು. ಚಳಿಗಾಲದಲ್ಲಿ ಬಿದ್ದದ್ದಕ್ಕಿಂತ ಬೇಸಿಗೆಯಲ್ಲಿ ಕರಗಿದ್ದು ಜಾಸ್ತಿಯಾಯಿತು. ಸಮುದ್ರದೊಳಗಿದ್ದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬಂತು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 190 ಇದ್ದದ್ದು ಹೆಚ್ಚುತ್ತಾ ಹೋಯಿತು, ಬಿಸಿ ಇನ್ನೂ ಏರಿತು. ಸುಮಾರು 14,700 ವರ್ಷದ ಹಿಂದೆ ಯುರೋಪಿನಲ್ಲಿ ಇದ್ದಕ್ಕಿದ್ದ ಹಾಗೆ ಬೆಚ್ಚಗಾಯಿತು. 12,900 ವರ್ಷದ ಹಿಂದೆ ಮತ್ತೆ ಚಳಿ ಬಂತು. ಸಾವಿರಕ್ಕೂ ಹೆಚ್ಚು ವರ್ಷ ಇತ್ತು. ಬೆಟ್ಟದ ಹಿಮನದಿಗಳು ತಿರುಗಿ ಮುಂದೆ ಬಂದು ಹೊಸ ಒಡ್ಡು ಹಾಕಿದವು. 11,700 ವರ್ಷದ ಹಿಂದೆ ಆ ಚಳಿಯೂ ಮುಗಿಯಿತು.

"ಆವಾಗ ನಮ್ ದುರ್ಗದಲ್ಲಿ?"

ಹಿಮ ಇರಲಿಲ್ಲ, ಬರ ಇತ್ತು ಅಂದೆ. ಹಿಮಯುಗದ ಉತ್ತುಂಗದಲ್ಲಿ ನಮ್ಮ ಮುಂಗಾರು ಸೊರಗಿತ್ತು. ಅರಬ್ಬಿ ಸಮುದ್ರದ ತಳದ ಕೆಸರಿನಲ್ಲೂ ನೀಲಗಿರಿಯ ಜವುಗಿನ ಮಣ್ಣಿನಲ್ಲೂ ವಿಜ್ಞಾನಿಗಳಿಗೆ ಅದರ ಗುರುತು ಸಿಕ್ಕಿದೆ. ನೀರೆಲ್ಲ ಹಿಮವಾಗಿ ಕೂತಿದ್ದರಿಂದ ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಶ್ರೀಲಂಕಾಕ್ಕೆ ನಡೆದೇ ಹೋಗಬಹುದಿತ್ತು. ಇಲ್ಲಿ ಹಿಮ ಹಿಂದೆ ಸರಿದ ಕಾಲದಲ್ಲೇ ಅಲ್ಲಿ ಮಳೆ ಬಲವಾಯಿತು. ಅಪ್ಪಾಜಿ ಇದನ್ನು ಎರಡು ಸಲ ಹೇಳಿಸಿಕೊಂಡರು. ಮಳೆಯ ವಿಷಯ ಅಂದರೆ ಅವರು ಹಾಗೇ.

ಮೊರ್ಟೆರಾಚ್‌ಗೆ ಬರೋಣ. ಅಲ್ಲಿ ಸ್ಟೇಷನ್‌ನಿಂದ ಹಿಮದ ಕಡೆಗೆ ಹೋಗುವ ದಾರಿಯುದ್ದಕ್ಕೂ ಹಲಗೆಗಳನ್ನು ನೆಟ್ಟಿದ್ದಾರೆ. ಇಂಥ ವರ್ಷ ಹಿಮದ ತುದಿ ಇಲ್ಲಿತ್ತು ಅಂತ. 1878ರಿಂದ ಈಚೆಗೆ ಅದು ಸುಮಾರು 3 ಕಿಲೋಮೀಟರ್ ಹಿಂದೆ ಹೋಗಿದೆ. ಆರಂಭದಲ್ಲಿ ದಾರಿಯ ಪಕ್ಕ ದೊಡ್ಡ ಮರಗಳಿವೆ. ನಡೆಯುತ್ತಾ ಮರಗಳು ಚಿಕ್ಕವಾಗುತ್ತವೆ, ಆಮೇಲೆ ಬರೀ ಪೊದೆ, ಆಮೇಲೆ ಪಾಚಿ ಹಿಡಿದ ಕಲ್ಲು, ಕೊನೆಗೆ ಬರೀ ಕಲ್ಲು. ಹಿಮ ಬಿಟ್ಟುಹೋದ ನೆಲಕ್ಕೆ ಎಷ್ಟು ವಯಸ್ಸಾಗಿದೆ ಅಂತ ಗಿಡಗಳೇ ಹೇಳುತ್ತವೆ.

ತಾವು ಎಸ್ಸೆಸ್ಸೆಲ್ಸಿ ಮುಗಿಸಿದ ಕಾಲದ ಹಲಗೆ ಹತ್ತಿರ ಅಪ್ಪಾಜಿ ಹೊತ್ತು ಕಳೆದರು. ಮುಂದೆ ನೋಡಿದರೆ ಹಿಮ ಕಾಣುವುದೇ ಇಲ್ಲ, ಇನ್ನೂ ಅಷ್ಟು ದೂರ. ನನ್ನ ಹುಟ್ಟಿದ ವರ್ಷದ ಹತ್ತಿರ ಬಂದಾಗ ಅವರು ಮಾತಾಡಲೇ ಇಲ್ಲ. ಕೊನೆಯಲ್ಲಿ, ಹಿಮ ಕಾಣುವ ಜಾಗದಲ್ಲಿ, ಒಂದು ಕಲ್ಲಿನ ಮೇಲೆ ಕೂತರು. ತುದಿ ಬೆಳ್ಳಗಿರಲಿಲ್ಲ. ಮಣ್ಣು ಮೆತ್ತಿ ಕೊಳಕಾಗಿತ್ತು. 2015ರವರೆಗೆ ಪಕ್ಕದ ಪೆರ್ಸ್ ಹಿಮನದಿ ಬಂದು ಇದಕ್ಕೆ ಸೇರುತ್ತಿತ್ತು. ಈಗ ಅದೂ ಬೇರೆಯಾಗಿ ಮೇಲೆಲ್ಲೋ ನಿಂತಿದೆ. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಟ್ಜರ್‌ಲೆಂಡಿನ ಹಿಮನದಿಗಳಲ್ಲಿದ್ದ ಒಟ್ಟು ಹಿಮದ ಹತ್ತರಲ್ಲಿ ಒಂದು ಪಾಲು ಹೋಯಿತು.

ಹಿಮಯುಗ ಮುಗಿದಾಗಲೂ ಕರಗಿತ್ತಲ್ಲ, ಈಗೇನು ಹೊಸದು ಅಂತ ಊರಿನ ಗೆಳೆಯರು ಕೇಳುತ್ತಾರೆ. ಅವಸರವೇ ಹೊಸದು. ಆವಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ 190ರಿಂದ 260ರ ಆಸುಪಾಸಿಗೆ ಏರಲು ಸಾವಿರಾರು ವರ್ಷ ಬೇಕಾಯಿತು. ಈಗ 280ರಿಂದ 420 ದಾಟಿದ್ದು ಇನ್ನೂರು ಮುನ್ನೂರು ವರ್ಷದೊಳಗೆ, ಅದರಲ್ಲೂ ಬಹುಪಾಲು ಅಪ್ಪಾಜಿಯ ಆಯಸ್ಸಿನಲ್ಲೇ. ಇದನ್ನು ಓದಿ ತಿಳಿಯುವುದು ಬೇರೆ. ಹಲಗೆಯಿಂದ ಹಲಗೆಗೆ ನಡೆದು ನೋಡಿದರೆ ಕಾಲಿಗೇ ಗೊತ್ತಾಗುತ್ತದೆ.

ಕಲ್ಲಿನ ಮೇಲೆ ಕೂತೇ ಅಪ್ಪಾಜಿ ಹೇಳಿದರು, "ನಾವೂ ಹಿಂಗೇ ಹಲಗೆ ನೆಡಬಹುದಿತ್ತಮ್ಮ. ನಾನು ಕೆಲಸ ಶುರು ಮಾಡಿದಾಗ 150 ಅಡಿಗೆ ನೀರು. ಆಮೇಲೆ 400. ಕೊನೆಗೆ 800 ಹೋದ್ರೂ ಬರೀ ಪುಡಿ. ವರ್ಷ ವರ್ಷ ಇಳಿದಿದ್ದು ನನ್ನ ಕಣ್ಣಮುಂದೇನೇ. ಆದ್ರೆ ನೆಲದೊಳಗೆ ಅಲ್ವಾ, ಯಾರಿಗೂ ಕಾಣಲಿಲ್ಲ." ಪಾಯಿಂಟ್ ನೋಡೋರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಿದ್ದದ್ದು, ಫೇಲ್ ಆದ ಬೋರಿನ ಪಕ್ಕ ರೈತ ಸುಮ್ನೆ ಕೂತುಬಿಡುತ್ತಿದ್ದದ್ದು, ಇವನ್ನೆಲ್ಲ ಆ ದಿನ ಹೇಳಿದರು. ಇಷ್ಟು ವರ್ಷ ಮನೆಯಲ್ಲಿ ಹೇಳಿರಲಿಲ್ಲ.

ಊರಿಗೆ ವಾಪಸ್ ಹೋಗಿ ಎರಡು ವಾರಕ್ಕೆ ವಾಟ್ಸಾಪ್‌ನಲ್ಲಿ ಫೋಟೋಗಳು ಬಂದವು. ಅಟ್ಟದ ಮೇಲಿದ್ದ ಅವರ ಹಳೆ ಲೆಕ್ಕದ ಪುಸ್ತಕಗಳು. ಒಂದೊಂದು ಸಾಲಿನಲ್ಲಿ ತಾರೀಕು, ಹಳ್ಳಿ, ಸರ್ವೆ ನಂಬರ್, ಎಷ್ಟು ಅಡಿ, ಎಷ್ಟು ಇಂಚು ನೀರು. ಕೆಲವು ಪುಟ ಗೆದ್ದಲು ತಿಂದಿವೆ. ಪಕ್ಕದ ಮನೆಯ ಡಿಗ್ರಿ ಹುಡುಗನನ್ನು ಕೂರಿಸಿಕೊಂಡು ವರ್ಷದ ಪ್ರಕಾರ ಹೊಸ ಪುಸ್ತಕಕ್ಕೆ ಬರೆಸುತ್ತಿದ್ದಾರಂತೆ, ಈಗ ತೊಂಬತ್ತರ ದಶಕಕ್ಕೆ ಬಂದಿದ್ದಾರೆ. ಬಾಟಲಿಯನ್ನೂ ಕಳ್ಳೆಕಾಯಿ ಡಬ್ಬಿಗಳ ಪಕ್ಕ ಇಟ್ಟಿದ್ದಾರೆ, ನೀರು ಪೂರ್ತಿ ತಿಳಿಯಾಗಿದೆ ಅಂದರು. ಮುಂದಿನ ಆಗಸ್ಟ್‌ನಲ್ಲಿ ನಾನು ಮತ್ತೆ ಮೊರ್ಟೆರಾಚ್‌ಗೆ ಹೋಗಬೇಕಂತೆ. ತಾವು ಕೂತಿದ್ದ ಆ ಕಲ್ಲಿನ ಹತ್ತಿರವೇ ನಿಂತು ಹಿಮದ ತುದಿಯ ಫೋಟೋ ತೆಗೆದು ಕಳಿಸಬೇಕಂತೆ.